ಹನ್ನೊಂದು ಕೆಂಪು ನೂಲು

"ಅಜ್ಜಾರ, ತನ್ನ ತಪ್ಪು ತಾನ ಹೇಳಿಕೊಂಡಾಂವ ಮತ್ತ ತಲಿ ಎತ್ತಿ ಹೆಂಗ ಅಡ್ಡಾಡಬೇಕ್ರಿ?"

ಕೇಳಿದವನು ಮಠದ ಶಿಷ್ಯ ಚೆನ್ನವೀರ. ದಾಸೋಹದ ಹುಗ್ಗಿ ತಳ ಹತ್ತಿದ್ದು ತನ್ನಿಂದಲೇ ಎಂದು ಪಂಕ್ತಿಯ ನಡುವೆ ನಿಂತು ಒಪ್ಪಿಕೊಂಡವನು, ಮೂರು ದಿನದಿಂದ ಯಾರ ಮುಖವನ್ನೂ ನೋಡಿರಲಿಲ್ಲ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ನೇಕಾರಗಿತ್ತಿ ಇದ್ದಳು. ಅವಳು ನೇಯ್ದ ಸೀರೆಯ ಮಡಿಕೆಯನ್ನು ಪೇಟೆಯಲ್ಲಿ ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ನೇಯುವಾಗ ಎಳೆ ತಪ್ಪಿದರೆ, ಆ ಜಾಗದ ಅಂಚಿಗೆ ಒಂದು ಕೆಂಪು ನೂಲು ಕಟ್ಟಿಯೇ ಅವಳು ಸೀರೆ ಕಳಿಸುತ್ತಿದ್ದಳು. ಅದು ಅವರ ಮನೆತನದ ರೂಢಿ. ನೂಲಿಲ್ಲದ ಸೀರೆಯನ್ನು ಕಣ್ಣು ಮುಚ್ಚಿ ಕೊಳ್ಳಬಹುದಿತ್ತು. ಆ ಹೆಸರೇ ಅವಳ ಆಸ್ತಿ.

ಊರ ಹತ್ತಿರದ ಗುಹೆಗಳನ್ನು ನೋಡಲು ಬರುವವರು ಹೆಚ್ಚಾದಾಗ, ಅವಳು ಮನೆಯ ಎರಡು ಕೋಣೆಗಳನ್ನು ದಿನದ ಬಾಡಿಗೆಗೆ ಕೊಡಲು ಮುಂದಾದಳು. ಫೋನಿನ ಆ್ಯಪ್‌ನಲ್ಲಿ ಮನೆಯನ್ನು ಹಾಕಿಕೊಟ್ಟವನು ಅವಳ ಮೈದುನ. ಜಾಣ, ಸ್ವಲ್ಪ ಹೆಚ್ಚೇ ಜಾಣ. ಗಿಡ್ಡ ಬಾಗಿಲು ಕಾಣದ ಹಾಗೆ ಫೋಟೊ ತೆಗೆದ. ಬೆಳಗಿನ ಐದಕ್ಕೆ ಮಗ್ಗ ಸದ್ದು ಮಾಡುವ ಮನೆಗೆ 'ಪ್ರಶಾಂತ ತಾಣ' ಎಂದು ಬರೆದ. ತನ್ನ ಮನೆ ಅಷ್ಟು ಚೆಂದ ಕಂಡಿದ್ದಕ್ಕೆ ಅವಳೂ ಸುಮ್ಮನಾದಳು.

ಮೊದಲು ಬಂದ ಅತಿಥಿಗಳು ಹಣೆ ಬಡಿಸಿಕೊಂಡು ಒಳಗೆ ಬಂದರು, ಮಗ್ಗದ ಸದ್ದಿಗೆ ಬೆಚ್ಚಿ ಎದ್ದು ಕೂತರು. ಹೋದ ಮೇಲೆ ಒಂದೇ ಸ್ಟಾರ್ ಕೊಟ್ಟು ಒಂದೇ ಮಾತು ಬರೆದರು: ಮೋಸ.

ಮೂವತ್ತು ವರ್ಷ ನೇಯ್ದು ಗಳಿಸಿದ ಹೆಸರು ಎರಡು ದಿನದಲ್ಲಿ ಮಣ್ಣುಪಾಲಾಯಿತಲ್ಲ ಎಂದು ಅವಳು ಫೋನನ್ನು ಮೈದುನನ ಮುಂದೆ ಹಿಡಿದಳು.

"ಬಿಡ್ರಿ ವೈನಿ, ಇನ್ನೂ ಚೆಂದ ಫೋಟೊ ತಗದು ಹಾಕೋಣು," ಎಂದ ಮೈದುನ.

"ಬ್ಯಾಡಪಾ. ಇನ್ನ ನಾ ಹೇಳಿದಂಗ ಹಾಕು."

ಅವಳು ಕೆಂಪು ನೂಲಿನ ಉಂಡೆ ಹಿಡಿದು ಮನೆಯೆಲ್ಲ ತಿರುಗಿದಳು. ಗಿಡ್ಡ ಬಾಗಿಲಿನ ಚಿಲಕಕ್ಕೆ ಒಂದು ನೂಲು. ಪೂರ್ತಿ ಮುಚ್ಚದ ಕಿಟಕಿಗೆ ಒಂದು. ಬಿಸಿನೀರು ತಡವಾಗಿ ಬರುವ ನಲ್ಲಿಗೆ ಒಂದು. ಅನ್ನ ಕೊಡುವ ಮಗ್ಗದ ಮುಂದೆ ಕೈ ತಡವರಿಸಿತು; ಆದರೆ ಮಲಗಿದವರ ನಿದ್ದೆ ಕೆಡುವುದು ಸುಳ್ಳಲ್ಲ, ಅದಕ್ಕೂ ಕಟ್ಟಿದಳು. ಒಟ್ಟು ಹನ್ನೊಂದಾದವು. ಒಂದೊಂದರದೂ ಫೋಟೊ ತೆಗೆಸಿ ಕೆಳಗೆ ಬರೆಸಿದಳು: 'ಕೆಂಪು ನೂಲು ಇದ್ದಲ್ಲಿ ಕುಂದಿದೆ. ಇಲ್ಲದ ಕಡೆ ಹುಡುಕಿ ನೋಡಿ.'

ಮೈದುನ ತಲೆ ಚಚ್ಚಿಕೊಂಡ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡಳು ಎಂದು ಓಣಿಯವರು ನಕ್ಕರು. ಒಂದು ತಿಂಗಳು ಯಾರೂ ಬರಲಿಲ್ಲ. ಅವಳು ಒಂದು ನೂಲನ್ನೂ ಬಿಚ್ಚಲಿಲ್ಲ.

ಆಮೇಲೆ ಒಬ್ಬ ಬಟ್ಟೆ ವ್ಯಾಪಾರಿ ಬಂದ. ಸರಕಿನಲ್ಲಿ ಕುಂದು ಹುಡುಕುವುದರಲ್ಲೇ ಆಯುಷ್ಯ ಸವೆಸಿದವನು. ಬಾಗಿಲಲ್ಲಿ ನೂಲು ಕಂಡು ತಲೆ ಬಗ್ಗಿಸಿ ಒಳಗೆ ಬಂದ. ಎರಡು ದಿನ ಹಾಸಿಗೆ ಮಗುಚಿ ನೋಡಿದ, ಕಪಾಟಿನ ಹಿಂದೆ ಬೆರಳಾಡಿಸಿದ, ಬಚ್ಚಲ ಮೂಲೆಗೆ ಮೂಗು ಹಚ್ಚಿದ. ಹೊರಡುವಾಗ ಸೋತ ದನಿಯಲ್ಲಿ ಕೇಳಿದ:

"ತಾಯಿ, ಹನ್ನೊಂದು ಎಣಿಸೇನಿ. ಹನ್ನೆರಡನೇದು ಎಲ್ಲಿ ಮುಚ್ಚಿಟ್ಟೀರಿ?"

ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

"ಇದ್ದಿದ್ರ ಕಟ್ಟತಿದ್ದೆನ್ರಿ."

ವ್ಯಾಪಾರಿ ಬಾಯಿತುಂಬ ನಕ್ಕ. ಐದು ಸ್ಟಾರ್ ಕೊಟ್ಟು, 'ಈ ಮನೆಯನ್ನು ಮಡಿಕೆ ಬಿಚ್ಚದೆ ಕೊಳ್ಳಬಹುದು' ಎಂದು ಬರೆದು ಹೋದ. ಅಂದಿನಿಂದ ಆ ಕೋಣೆಗಳು ಖಾಲಿ ಬೀಳಲಿಲ್ಲ. ಅವಳು ಓಣಿಯಲ್ಲಿ ನಡೆಯುವ ಠೀವಿಯೂ ಬೇರೆಯಾಯಿತು.

ಕತೆ ಕೇಳಿದ ಚೆನ್ನವೀರನಿಗೆ ಸಮಾಧಾನವಾಗಲಿಲ್ಲ.

"ಆದ್ರೂ ಆಕಿಗೆ ಅಷ್ಟು ಸೊಕ್ಕು ಸಲ್ಲತದೇನ್ರಿ, ಅಜ್ಜಾರ?"

ಗುರುಗಳು ಎದ್ದು ನಿಂತು ಕೇಳಿದರು:

"ಹನ್ನೊಂದು ಕಡೆ ತಲಿ ತಗ್ಗಿಸಿದಾಕಿ, ಹನ್ನೆರಡನೇ ಕಡೆ ಎತ್ತಬಾರದೇನೋ ತಮ್ಮಾ?"