ವೈದ್ಯನಾದ ಮುಳ್ಳುಹಂದಿ

ಕಾಡಿನ ಪ್ರಾಣಿಗಳು ಸೇರಿ ಒಂದು ಕಥೆಯಾಟ ಹೂಡಿದವು. ಕಥೆ ನಡೆಸುವ ಹೊಣೆ ಕರಡಿಯದು. ಉಳಿದವರು ತಮಗೆ ಬೇಕಾದ ಪಾತ್ರ ಆರಿಸಿಕೊಂಡು, ದಾಳ ಉರುಳಿಸುತ್ತ, ಮಾಯಾನಗರಿಯನ್ನು ರಾಕ್ಷಸನಿಂದ ಬಿಡಿಸಬೇಕು. ನರಿ ಮಂತ್ರವಾದಿಯಾಯಿತು. ಮೊಲ ಖಡ್ಗವೀರನಾಯಿತು.

"ನಾನು ವೈದ್ಯನಾಗುತ್ತೇನೆ," ಎಂದಿತು ಮುಳ್ಳುಹಂದಿ.

ನರಿ ನಕ್ಕಿತು. "ಮೈತುಂಬ ಮುಳ್ಳಿರುವವನ ಹತ್ತಿರ ಯಾವ ರೋಗಿ ಬರುತ್ತಾನೆ? ನೀನು ಸೈನಿಕನಾಗು."

ಮುಳ್ಳುಹಂದಿ ತಲೆ ತಗ್ಗಿಸಿ ಎದ್ದು ಹೊರಟಿತು. ಆಗ ಮೊಲ ಕರಡಿಗೆ ಹೇಳಿತು: "ಅಣ್ಣಾ, ಎಲೆ ಅಲುಗಿದರೂ ಓಡುವವನು ನಾನು. ಖಡ್ಗ ಬೇಕೆಂದಾಗ ನನ್ನನ್ನು ನೋಡಿ ಯಾರೂ ನಗಲಿಲ್ಲ. ಅವನಿಗೂ ಹಾಗೇ ಆಗಲಿ."

"ಸರಿ," ಎಂದಿತು ಕರಡಿ. "ಯಾರು ಏನಾಗಬೇಕೆಂದು ಅವರವರೇ ಹೇಳಲಿ. ಉಳಿದವರು ಅದನ್ನು ನಂಬಿ ಆಡಬೇಕು. ಇದು ನಮ್ಮ ಆಟದ ನಿಯಮ."

"ನಕ್ಕಿದ್ದು ತಪ್ಪಾಯಿತು. ಬಾ, ಕೂತುಕೋ," ಎಂದು ನರಿ ಸರಿದು ಜಾಗ ಬಿಟ್ಟಿತು.

ಮೊದಲ ಕಾಳಗದಲ್ಲೇ ಮೊಲಕ್ಕೆ ಕೆಟ್ಟ ದಾಳ ಬಿತ್ತು. "ಖಡ್ಗವೀರನಿಗೆ ಗಾಯವಾಗಿದೆ," ಎಂದಿತು ಕರಡಿ.

ಮೊಲ ಮುಳ್ಳುಹಂದಿಯ ಪಕ್ಕಕ್ಕೆ ಬಂದು, ಅದರ ಮಡಿಲಲ್ಲಿ ಮುಂಗಾಲಿಟ್ಟು, "ವೈದ್ಯರೇ, ಸ್ವಲ್ಪ ನೋಡಿ," ಎಂದಿತು.

ಅಷ್ಟು ಹತ್ತಿರಕ್ಕೆ ಅದುವರೆಗೆ ಯಾರೂ ಬಂದಿರಲಿಲ್ಲ. ಮುಳ್ಳುಹಂದಿ ಮುಳ್ಳುಗಳನ್ನೆಲ್ಲ ಬೆನ್ನಿಗೆ ಒತ್ತಿಕೊಂಡು, ಇಲ್ಲದ ಗಾಯಕ್ಕೆ ಇಲ್ಲದ ಸೊಪ್ಪಿನ ರಸ ಹಿಂಡಿ, ಬಹಳ ಹೊತ್ತು ಆ ಕಾಲನ್ನು ಹಿಡಿದುಕೊಂಡೇ ಕುಳಿತಿತು.

"ವಾಸಿಯಾಯಿತು. ನಿಮ್ಮಿಂದ ದೊಡ್ಡ ಉಪಕಾರವಾಯಿತು," ಎಂದಿತು ಮೊಲ.

"ಉಪಕಾರ ಆದದ್ದು ನನಗೆ," ಎಂದಿತು ಮುಳ್ಳುಹಂದಿ.