ಗೀರಿಲ್ಲದ ಪ್ರತಿ

ವತ್ಸಲಾಬಾಯಿಯವರ ಕಪಾಟಿನಲ್ಲಿ ಒಂದೇ ಹಿಂದಿ ಚಿತ್ರದ ಎರಡು ಪ್ರತಿಗಳಿದ್ದವು: ಹಳೆಯ ವಿಡಿಯೊ ಕ್ಯಾಸೆಟ್ ಮತ್ತು ನಿನ್ನೆ ಬಂದ ಬ್ಲೂ-ರೇ ಡಿಸ್ಕ್. ಹೋಲಿಸಿ ನೋಡಿ ಒಂದನ್ನು ಗುಜರಿಗೆ ಹಾಕುವುದಾಗಿ ಬಾಯಿಯವರು ಹೇಳಿದ್ದರು.

"ತಾತ, ಹೊರಡಲು ಸಿದ್ಧರಾಗಿ," ಎಂದಿತು ಡಿಸ್ಕ್. "ನಿಮ್ಮ ಚಿತ್ರದ ತುಂಬ ಗೀರು. ನನ್ನಲ್ಲಿ ಹುಡುಕಿದರೂ ಒಂದಿಲ್ಲ. ಹಳೆಯ ಚಿತ್ರಗಳನ್ನು ಶುಚಿಗೊಳಿಸುವ ಯಂತ್ರ ಎಲ್ಲವನ್ನೂ ಒರೆಸಿದೆ."

"ಎಲ್ಲವನ್ನೂ?" ಕ್ಯಾಸೆಟ್ಟಿಗೆ ಅನುಮಾನ ಬಂತು. "ಒರೆಸುವಾಗ ಈ ಚಿತ್ರ ನೋಡಿದ್ದವರು ಯಾರಾದರೂ ಪಕ್ಕದಲ್ಲಿದ್ದರೇ?"

"ಯಂತ್ರದ ಮೇಲೂ ಅನುಮಾನವೇ? ಇದು ಹೊಟ್ಟೆಕಿಚ್ಚು, ತಾತ."

ಸಂಜೆ ಬಾಯಿಯವರು ಮೊದಲು ಡಿಸ್ಕ್ ಹಾಕಿದರು. ಮಾವ ನಾಯಕಿಯನ್ನು ಮನೆಯಿಂದ ಹೊರಗಟ್ಟುವ ದೃಶ್ಯ ಬಂತು. ತೊಯ್ದು ತೊಪ್ಪೆಯಾಗಿದ್ದ ನಾಯಕಿ, "ಇಂಥ ಜಡಿಮಳೆಯಲ್ಲಿ ಎಲ್ಲಿಗೆ ಹೋಗಲಿ?" ಎಂದು ಅತ್ತಳು. ಪರದೆಯ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ.

"ಅಯ್ಯೋ, ಮಳೆಯನ್ನೂ ಗೀರೆಂದು ಒರೆಸಿದ್ದಾರೆ!" ಎಂದು ಬಾಯಿಯವರು ಡಿಸ್ಕನ್ನು ಗುಜರಿ ಚೀಲಕ್ಕೆ ಹಾಕಿದರು.

ಕ್ಯಾಸೆಟ್ ಉಳಿಯಿತು. ಅಂದಿನಿಂದ ಅದು ಅಡುಗೆಮನೆಯ ದೃಶ್ಯದಲ್ಲಿರುವ ಗೀರುಗಳನ್ನೂ ಮಳೆಯೆಂದೇ ಹೇಳಿಕೊಳ್ಳುತ್ತಿದೆ.