ಹಸಿರು ಬಾವುಟದ ಕೌದಿ

ಬೆಟಗೇರಿಯ ನೇಕಾರರ ಓಣಿಯಲ್ಲಿ, ದಿನವಿಡೀ ಮಗ್ಗದ ಸದ್ದು ಕೇಳುವ ಒಂದು ತಿರುವಿನಲ್ಲಿ, ಪೂಜ್ಯ ಗುರುಸಿದ್ಧಮ್ಮ ತಾಯಿಯವರ ಮನೆಯಿತ್ತು. ಮಠವೆನ್ನಲು ಗದ್ದುಗೆಯಿಲ್ಲ, ಆಶ್ರಮವೆನ್ನಲು ಬಾಗಿಲ ಮೇಲೊಂದು ಹೆಸರೂ ಇಲ್ಲ. ಮಣ್ಣಿನ ಗೋಡೆಯ ಉದ್ದನೆಯ ಪಡಸಾಲೆ, ಅದರಲ್ಲಿ ಒಂಬತ್ತು ಮಂಚ, ಹಿತ್ತಲಲ್ಲಿ ನೀರು ಕಾಯಿಸುವ ದೊಡ್ಡ ಹಂಡೆ. ಊರಿನ ಆಸ್ಪತ್ರೆಗೆ ರೋಗಿಗಳ ಜೊತೆ ಬಂದವರು ರಾತ್ರಿ ಇಲ್ಲಿ ಮಲಗಬೇಕು, ಮುಂಜಾನೆ ಹೊಟ್ಟೆ ತುಂಬ ನಾಷ್ಟಾ ಮಾಡಿ ಹೋಗಬೇಕು. ಆ ಮನೆ ನಡೆಯುತ್ತಿದ್ದುದೇ ಅದಕ್ಕಾಗಿ. ಬಂದವರ ಕುಲಗೋತ್ರವನ್ನು ತಾಯಿಯವರು ಎಂದೂ ವಿಚಾರಿಸಿದವರಲ್ಲ. 'ರೊಟ್ಟಿ ಮೆತ್ತಗಿರಲೋ, ಖಡಕ್ ಇರಲೋ' ಎಂದಷ್ಟೇ ಕೇಳುತ್ತಿದ್ದರು. ಯಾರು ಎಷ್ಟು ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕೆಂದು ತಿಳಿದುಕೊಂಡು, ಅವರವರ ಹೊತ್ತಿಗೆ ಸ್ನಾನಕ್ಕೆ ಬಿಸಿನೀರು ತೋಡಿಡುತ್ತಿದ್ದರು. ಓಣಿಯವರೆಲ್ಲ ಅವರನ್ನು ಅವ್ವನವರು ಎಂದೇ ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ.

ಹೊರಡುವಾಗ ಏನು ಕೊಡಬೇಕೆಂದು ಕೇಳಿದವರಿಗೆ ಅವ್ವನವರ ಉತ್ತರ ಒಂದೇ: "ಮನ್ಯಾಗ ಉಟ್ಟು ತೊಟ್ಟು ಸವೆದ ಅರಿವಿ ಇದ್ರ ಅಂಗೈಯಗಲ ತುಂಡು ಕೊಡ್ರಿ. ಹೊಸಾದು ಬ್ಯಾಡ." ಹಾಗೆ ಬಂದ ತುಂಡುಗಳನ್ನು ಒಗೆದು, ಒಂದಕ್ಕೊಂದು ಜೋಡಿಸಿ, ಅವರೇ ಕೂತು ಕೌದಿ ಹೊಲಿಯುತ್ತಿದ್ದರು. ಮುಂದೆ ಬರುವ ಅತಿಥಿಗೆ ಅದೇ ಹೊದಿಕೆ. ಹೀಗೆ ಹಿಂದೆ ಬಂದುಹೋದವರು ಮುಂದೆ ಬರುವವರನ್ನು ಬೆಚ್ಚಗಿಡುತ್ತಿದ್ದರು.

ಆ ವರ್ಷದ ಮಾಘಮಾಸದ ಚಳಿಯಲ್ಲಿ ರೈಲ್ವೆಯ ನಿವೃತ್ತ ಗಾರ್ಡ್ ರಾಚಯ್ಯನವರು ತಮ್ಮ ಪತ್ನಿ ಚನ್ನಬಸಮ್ಮನವರನ್ನು ಆಸ್ಪತ್ರೆಗೆ ಕರೆತಂದರು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ತಡಮಾಡದೆ ಕೊಯ್ದು ತೆಗೆಯಬೇಕು ಎಂದರು ಡಾಕ್ಟರು.

ಗಾರ್ಡ್ ಸಾಹೇಬರ ಸ್ವಭಾವವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಮನುಷ್ಯ ಬಂಗಾರದಂಥವರು, ಹಟ ಮಾತ್ರ ಕಬ್ಬಿಣದ್ದು. ಮೂವತ್ತು ವರ್ಷದ ನೌಕರಿಯಲ್ಲಿ ತಮ್ಮ ಸ್ಟೋವಿನ ಮೇಲೆ ತಾವೇ ಬೇಯಿಸಿಕೊಂಡು ಉಂಡವರು, ತಮ್ಮ ಹಾಸಿಗೆಯನ್ನು ತಾವೇ ಹೊತ್ತವರು. ಯಾರ ಮನೆಗೆ ಹೋದರೂ ನೀರಿನ ಲೋಟವನ್ನೂ ಬೇಡವೆನ್ನುತ್ತಿದ್ದರು. ಇದಕ್ಕೊಂದು ಹಳೆಯ ಗಾಯ ಕಾರಣ. ಅವರದು ಜಂಗಮರ ಮನೆತನ. ಚಿಕ್ಕಂದಿನಲ್ಲಿ ತಂದೆಯ ಹಿಂದೆ ಜೋಳಿಗೆ ಹಿಡಿದು ಭಿಕ್ಷೆಗೆ ಹೋಗುತ್ತಿದ್ದಾಗ, ಒಂದು ಮನೆಯ ಬಾಗಿಲಲ್ಲಿ ಯಾರೋ "ದಿನಾ ಬೆಳಗಾದ್ರ ಬಂದು ನಿಲ್ತಾವ" ಎಂದಿದ್ದರಂತೆ. ತಂದೆ ನಗುತ್ತಲೇ ಹರಸಿ ಮುಂದೆ ಹೋದರು. ಮಗನಿಗೆ ಮಾತ್ರ ಆ ಮಾತು ಮುಳ್ಳು ಮುರಿದಂತೆ ಒಳಗೇ ಉಳಿಯಿತು. ಅಂದಿನಿಂದ ರಾಚಯ್ಯನವರು ಯಾರ ಮುಂದೆಯೂ ಕೈಯೊಡ್ಡಿದವರಲ್ಲ.

ಆಸ್ಪತ್ರೆಯ ಜಗುಲಿಯಲ್ಲಿ ಸ್ಟೋವು ಹಚ್ಚಬಾರದೆಂದು ಅಲ್ಲಿನವರು ಹೇಳಿದರು. ಸಾಹೇಬರು ಚುರುಮುರಿ, ಚಹಾದ ಮೇಲೆ ದಿನ ನೂಕತೊಡಗಿದರು. ರಾತ್ರಿ ತಮ್ಮ ಟ್ರಂಕಿನ ಮೇಲೆ ಕೂತೇ ಬೆಳಗು ಮಾಡುತ್ತಿದ್ದರು. ನಾಲ್ಕನೆಯ ದಿನ ಮೆಟ್ಟಿಲ ಮೇಲೆ ಕಣ್ಣುಕತ್ತಲೆ ಬಂದು ಕುಸಿದರು. ಸುದ್ದಿ ಚನ್ನಬಸಮ್ಮನವರ ಕಿವಿಗೆ ಬಿದ್ದದ್ದೇ ತಡ, ಆಕೆಯೂ ಹಟ ಹಿಡಿದರು.

"ನೀವು ಹೊಟ್ಟಿ ತುಂಬ ಉಂಡು, ನೆಲಕ್ಕ ಬೆನ್ನು ಹಚ್ಚಿ ಮಲಗೂತನಕ ನಾ ಆಪರೇಷನ್‌ಗೆ ಹೋಗಂಗಿಲ್ಲ. ನಾ ಒಳಗ ಮಲಗಿರಬೇಕು, ನೀವು ಹೊರಗ ಬಿದ್ದಿರಬೇಕು, ಯಾರು ಯಾರನ್ನ ನೋಡೋದು?"

ಡಾಕ್ಟರು ಹೇಳಿದರು, ದಾದಿಯರು ಹೇಳಿದರು, ಕೇಳಲಿಲ್ಲ. ಇತ್ತ ಗಂಡನಿಗೂ "ಅವ್ವನವರ ಮನಿಗೆ ಹೋಗ್ರಿ" ಎಂದು ಎಲ್ಲರೂ ಹೇಳಿದರು. "ಧರ್ಮದ ಕೂಳು ನನಗ ಇಳಿಯಂಗಿಲ್ಲ" ಎಂದುಬಿಟ್ಟರು. ಗಂಡಹೆಂಡಿರಿಬ್ಬರ ಹಟದ ನಡುವೆ ಗಡ್ಡೆ ಮಾತ್ರ ತನ್ನಷ್ಟಕ್ಕೆ ಬೆಳೆಯುತ್ತಿತ್ತು.

ಅವ್ವನವರು ದಿನವೂ ಸಂಜೆ ರೋಗಿಗಳಿಗೆ ಗಂಜಿ ತರುತ್ತಿದ್ದರು. ಅಂದು ಚನ್ನಬಸಮ್ಮನವರ ಹತ್ತಿರ ತುಸು ಹೆಚ್ಚು ಹೊತ್ತು ಕೂತು, ಆಕೆಯ ಕೈ ಹಿಡಿದುಕೊಂಡು ಏನೋ ಕೇಳಿಸಿಕೊಂಡರು. ಆಮೇಲೆ ಜಗುಲಿಗೆ ಬಂದು ಟ್ರಂಕಿನ ಮುಂದೆ ನಿಂತರು.

"ಅಯ್ಯನವರ, ನಮ್ಮ ಮನ್ಯಾಗ ಒಂದು ಮಂಚ ಖಾಲಿ ಐತಿ."

"ತಾಯಿ, ತಪ್ಪು ತಿಳೀಬ್ಯಾಡ್ರಿ. ಕೊಟ್ಟು ರೂಢಿ ಐತಿ ನನಗ, ಇಸಗೊಂಡು ರೂಢಿ ಇಲ್ಲ."

ಅವ್ವನವರು ಮೆತ್ತಗೆ ಕೇಳಿದರು: "ಎಲ್ಲಾರೂ ಕೊಡಾವ್ರ ಆದ್ರ, ಕೊಡಾವ್ರು ಯಾರ ಮನಿ ಬಾಗಿಲಿಗೆ ಹೋಗಬೇಕ್ರಿ?"

ಇಷ್ಟೇ ಮಾತು. ಉತ್ತರಕ್ಕೂ ಕಾಯದೆ ಟ್ರಂಕಿನ ಒಂದು ಹಿಡಿಕೆಗೆ ಕೈ ಹಾಕಿದರು. ಎಪ್ಪತ್ತು ದಾಟಿದ ಜೀವ ಟ್ರಂಕು ಎತ್ತುವುದನ್ನು ನೋಡುತ್ತ ಕೂರಲಾದೀತೇ? ಸಾಹೇಬರು ಇನ್ನೊಂದು ಹಿಡಿಕೆ ಹಿಡಿದರು. ಹಾಗೆ ಒಂದು ಟ್ರಂಕನ್ನು ಇಬ್ಬರು ಹೊತ್ತುಕೊಂಡು ಓಣಿಗೆ ಬಂದರು. ಒಂದು ರಾತ್ರಿ ಮಲಗುತ್ತೇನೆ, ಒಂದು ತುತ್ತೂ ಉಣ್ಣುವುದಿಲ್ಲ, ಬೆಳಗಾಗುತ್ತಲೇ ಹೊರಡುತ್ತೇನೆ ಎಂದು ಸಾಹೇಬರು ದಾರಿಯುದ್ದಕ್ಕೂ ಹೇಳುತ್ತಲೇ ಬಂದರು. ಅವ್ವನವರು "ಆಗಲ್ರಿ, ಆಗಲ್ರಿ" ಎನ್ನುತ್ತ ನಡೆದರು.

ಮಂಚದ ಮೇಲೊಂದು ಕೌದಿ ಆಗಲೇ ಹಾಸಿತ್ತು. ಅವ್ವನವರು ಅದನ್ನು ತೆಗೆದರು. ಒಳಗೆ ಹೋಗಿ, ಮಡಚಿಟ್ಟ ಕೌದಿಗಳ ತಳದಿಂದ ಬೇರೊಂದನ್ನು ಹುಡುಕಿ ತಂದು ಹಾಸಿದರು. ದಣಿದಿದ್ದ ಸಾಹೇಬರು ಅದನ್ನು ಗಮನಿಸಲಿಲ್ಲ. ಹೊದ್ದು ಮಲಗಿದವರಿಗೆ ಎಚ್ಚರವಾದದ್ದು ಮರುದಿನ ಬಿಸಿಲು ಕಿಟಕಿಗೆ ಬಂದಾಗಲೇ. ಎಷ್ಟೋ ದಿನದ ಮೇಲೆ ಮೈ ಹಗುರಾಗಿತ್ತು. ಹಾಗೆ ಹಗುರಾದದ್ದಕ್ಕೇ ಅವರಿಗೆ ನಾಚಿಕೆಯಾಯಿತು. ಹಂಗು ಉಳಿಯಬಾರದೆಂದು ಕಸ ಗುಡಿಸಿದರು, ಹಂಡೆಗೆ ನೀರು ಸೇದಿ ತುಂಬಿದರು. ಕೊನೆಗೆ ಕೌದಿಯನ್ನು ಝಾಡಿಸಿ ಮಡಚತೊಡಗಿದರು.

ಮಡಚುತ್ತಿದ್ದ ಕೈ ಅರ್ಧಕ್ಕೇ ನಿಂತಿತು.

ಕೌದಿಯ ಒಂದು ಮೂಲೆಯಲ್ಲಿ, ಹಳೆಯ ಇಳಕಲ್ಲ ಸೀರೆಯ ತುಂಡಿನ ಪಕ್ಕದಲ್ಲಿ, ಮಾಸಿದ ಹಸಿರು ಬಟ್ಟೆಯೊಂದಿತ್ತು. ಅದರ ನಡುವೆ ದೀಪದ ಬಿಸಿಗೆ ಸುಟ್ಟ ಒಂದು ತೂತು. ಆ ತೂತಿಗೆ ಕರಿ ದಾರದಲ್ಲಿ ಹಾಕಿದ ಸೊಟ್ಟ ಸೊಟ್ಟ ಹೊಲಿಗೆ. ಕೆಳಗೆ, ಅದೇ ದಾರದಲ್ಲಿ 'ರಾ' ಎಂಬ ಅಕ್ಷರ. ಆ ಹೊಲಿಗೆ ಅವರದೇ. ಆ ಬಾವುಟವೂ ಅವರದೇ. ವರ್ಷಗಟ್ಟಲೆ ಗಾಡಿಯ ಕೊನೆಯ ಡಬ್ಬಿಯಲ್ಲಿ ನಿಂತು ಬೀಸಿದ ಹಸಿರು ಬಾವುಟ. ಸವೆದು ಹೋದ ಮೇಲೆ ಮನೆಯಲ್ಲಿ ಜೋಪಾನವಾಗಿಟ್ಟಿದ್ದರು. ಒಂದು ದಿನ ಹುಡುಕಿದರೆ ಇರಲಿಲ್ಲ. "ಇಲಿ ಕಡದ್ವು" ಎಂದಿದ್ದರು ಚನ್ನಬಸಮ್ಮ.

ಅಷ್ಟರಲ್ಲಿ ಅವ್ವನವರು ರೊಟ್ಟಿ, ಹೆಸರುಕಾಳು ಪಲ್ಯ, ಕೆನೆಮೊಸರಿನ ತಾಟು ಹಿಡಿದು ಬಂದರು.

"ಅವ್ವಾರ, ಇದು ನನ್ನ ಬಾವುಟ" ಎಂದರು ಸಾಹೇಬರು.

"ಹೌದ್ರಿ. ಹನ್ನೊಂದು ವರ್ಷದ ಹಿಂದ, ನೀವು ಗಾಡಿ ಮ್ಯಾಲಿದ್ದಾಗ, ನಿಮ್ಮ ಮನಿಯಾಕಿ ತನ್ನ ತಾಯೀನ ಕರಕೊಂಡು ಬಂದಾಗ ಇಲ್ಲೇ ಹತ್ತೊಂಬತ್ತು ದಿನ ಇದ್ಲು. ರೊಟ್ಟಿ ಸುತ್ತಿಕೊಂಡು ಬಂದ ಅರಿವಿ ಅದು, ಹೋಗೂ ಮುಂದ ನನಗ ಕೊಟ್ಟು ಹೋದ್ಲು. ನಿಮಗ ಹೇಳಬ್ಯಾಡ್ರಿ ಅಂದಿದ್ಲು, ನಾನೂ ಹೇಳಿದ್ದಿಲ್ಲ. ನಿನ್ನೆ ಸಂಜೀಕ ಆಕೀನೇ 'ಇನ್ನ ಹೇಳ್ರಿ' ಅಂದ್ಲು." ಅವ್ವನವರು ಹಸಿರು ತುಂಡಿನ ಮೇಲೆ ಕೈಯಾಡಿಸಿದರು. "ಎಷ್ಟ ಮಂದಿ ಇದನ್ನ ಹೊದ್ದು ಮಲಗ್ಯಾರ ಅಯ್ಯನವರ. ಹೆತ್ತ ಮಕ್ಕಳನ್ನ ಕಳಕೊಂಡಾವ್ರು, ಗಂಡ ಉಳಿದನಂತ ಅತ್ತಾವ್ರು. ಎಲ್ಲಾರೂ ನಿಮ್ಮದ ಹೊದ್ದಾರ. ನಿನ್ನೆ ನಿಮ್ಮ ಪಾಳಿ ಬಂತು."

ಯಾರ ಹಂಗೂ ಬೇಡವೆಂದು ಚಿಕ್ಕಂದಿನಿಂದ ಬಾಳಿದ ಮನುಷ್ಯ, ತನಗೆ ತಿಳಿಯದೆಯೇ ಹನ್ನೊಂದು ವರ್ಷದಿಂದ ಈ ಮನೆಯವರಾಗಿದ್ದರು. ಸಾಹೇಬರು ಮಂಚದ ಮೇಲೆ ಕುಸಿದು ಕೂತು, ಕೌದಿಯಲ್ಲಿ ಮುಖವಿಟ್ಟು ಅತ್ತರು. ಅವ್ವನವರು ತಾಟು ಹಿಡಿದುಕೊಂಡು ಹಾಗೇ ನಿಂತಿದ್ದರು. ಬಹಳ ಹೊತ್ತಿನ ಮೇಲೆ ಸಾಹೇಬರು ಕಣ್ಣೊರೆಸಿಕೊಂಡು, ಎರಡೂ ಕೈಗಳನ್ನು ಮುಂದೆ ಚಾಚಿದರು. ಚಿಕ್ಕಂದಿನಲ್ಲಿ ತಂದೆಯ ಪಕ್ಕದಲ್ಲಿ ನಿಂತು ಚಾಚುತ್ತಿದ್ದ ಹಾಗೆಯೇ. ಅವ್ವನವರು ತಾಟನ್ನು ಆ ಕೈಗಳಲ್ಲಿಟ್ಟರು.

ಊಟ ಮುಗಿಸಿ, ಅವ್ವನವರ ಅಪ್ಪಣೆ ಪಡೆದು, ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಹೋದರು.

"ಇಲಿ ಕಡದ ಬಾವುಟ ಸಿಕ್ಕಿತು" ಎಂದರು ಹೆಂಡತಿಗೆ.

ಚನ್ನಬಸಮ್ಮನವರು ಕೌದಿ ನೋಡಿದರು, ಗಂಡನ ಮುಖ ನೋಡಿದರು. "ಸಿಟ್ಟು ಬಂತೇನ್ರಿ?"

"ಬರಲಿಲ್ಲ."

"ಉಂಡ್ರೇನು?"

"ಎರಡು ಸಲ ನೀಡಿಸ್ಕೊಂಡು ಉಂಡೆ."

ಆಕೆಗೆ ಬೇರೇನೂ ಬೇಕಿರಲಿಲ್ಲ. ಮರುದಿನ ಬೆಳಿಗ್ಗೆಯೇ ಆಪರೇಷನ್ ನಿಶ್ಚಯವಾಯಿತು. ಗಾಲಿ ಮಂಚದ ಮೇಲೆ ಆಕೆಯನ್ನು ಒಳಗೆ ಒಯ್ಯುವಾಗ ಆಕೆ ಹೆದರಿ ಹಿಂದಿರುಗಿ ನೋಡಿದರು. ಸಾಹೇಬರು ನೆಟ್ಟಗೆ ನಿಂತು, ಕೌದಿಯ ಹಸಿರು ಮೂಲೆಯನ್ನು ಎತ್ತಿ ಹಿಡಿದು ಬೀಸಿದರು. ದಾದಿಯರು ನಕ್ಕರು. ಚನ್ನಬಸಮ್ಮನವರೂ ನಗುತ್ತಲೇ ಒಳಗೆ ಹೋದರು. ಗುರುಕೃಪೆಯಿಂದ ಗಡ್ಡೆ ಕೆಟ್ಟದ್ದಾಗಿರಲಿಲ್ಲ, ಆಕೆ ಉಳಿದರು. ಆ ದಿನ ಗಡ್ಡೆಯೊಂದೇ ಹೋಗಲಿಲ್ಲ, ಗಂಡನ ಎದೆಯೊಳಗಿನ ಹಳೆಯ ಮುಳ್ಳೂ ಹೋಯಿತು.

ಆಪರೇಷನ್ ಆದ ಹದಿನಾರನೆಯ ದಿನ ಊರಿಗೆ ಹೊರಡುವಾಗ ಸಾಹೇಬರು ಟ್ರಂಕಿನ ತಳದಿಂದ ಒಂದು ಗಂಟು ತೆಗೆದರು. ಅದರೊಳಗೆ ತಂದೆಯ ಕಾವಿ ಜೋಳಿಗೆಯಿತ್ತು. ಎಸೆಯಲೂ ಆಗದೆ, ಹೊರತೆಗೆಯಲೂ ಆಗದೆ, ಅಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದಿದ್ದರು. ಅದರಿಂದ ಅಂಗೈಯಗಲ ತುಂಡು ಕತ್ತರಿಸಿ ಅವ್ವನವರ ಕೈಗೆ ಕೊಟ್ಟರು. ಅವ್ವನವರು ಅದನ್ನು ಕಣ್ಣಿಗೊತ್ತಿಕೊಂಡು, ಅಂದೇ ಹಸಿರು ತುಂಡಿನ ಪಕ್ಕಕ್ಕೆ ಹೊಲಿದರು.

ಆ ಮೇಲೆ ಪ್ರತಿ ಮಾಘದಲ್ಲೂ ದಂಪತಿಗಳು ಬಂದು ಒಂದು ತಿಂಗಳು ಆ ಮನೆಯಲ್ಲಿ ಸೇವೆ ಮಾಡಿದರು. ಮುಂಜಾನೆಯ ನಾಷ್ಟಾ ನೀಡುವ ಕೆಲಸ ಸಾಹೇಬರದು. ಎಷ್ಟು ಹೇಳಿದರೂ ಒಲ್ಲೆನೆನ್ನುವ ಸ್ವಾಭಿಮಾನಿಗಳು ಆಗಾಗ ಬರುತ್ತಲೇ ಇದ್ದರು. ಅಂಥವರೊಡನೆ ಸಾಹೇಬರು ವಾದ ಮಾಡುತ್ತಿರಲಿಲ್ಲ. ಪಲ್ಯದ ಸೌಟನ್ನು ಅವರ ಕೈಗೆ ಕೊಟ್ಟು, ಅವರೆದುರಿಗೇ ನೆಲದ ಮೇಲೆ ಕೂತು, ತಮ್ಮ ಖಾಲಿ ತಾಟನ್ನು ಎರಡೂ ಕೈಯಲ್ಲಿ ಚಾಚುತ್ತಿದ್ದರು.

"ಹಂಗಾರ ಮೊದಲು ನೀವ ನನಗ ನೀಡ್ರಿ."

ನೀಡಿದವರು ಯಾರೂ ಆಮೇಲೆ ಉಣ್ಣದೆ ಎದ್ದುಹೋಗಲಿಲ್ಲ.